ಸೇನೆಯಿಂದ ಹೊರಗೆ ಕಳಿಸಿದ ಆದೇಶವನ್ನು ಬದಲಿಸಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಗದಗ, ಧಾರವಾಡ, ವಿಜಯಪುರ, ಹಾಸನ, ಕೊಡಗು ಕಡೆಯಿಂದ ಮಿಲಿಟರಿಗೆ ಹೋಗಿ, ಸರ್ವಿಸ್ ಪೂರ್ತಿ ಮುಗಿಸದೆ ಊರಿಗೆ ಬಂದವರು ತುಂಬಾ ಜನ ಇದ್ದಾರೆ. ಅವರೂ ಅವರ ಮನೆಯವರೂ ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುವ ಪ್ರಶ್ನೆಗಳು ಇವು. ನಾನು ವಕೀಲನಲ್ಲ. ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಈಗ ಇಂಥವರಿಗೆ ಅರ್ಜಿ ಬರೆದುಕೊಡುತ್ತೇನೆ. ಇಲ್ಲಿ ಹೇಳಿರೋದು ಹೆಚ್ಚಾಗಿ ಭೂಸೇನೆಯ ಜವಾನರು ಮತ್ತು ಜೆಸಿಒಗಳ (ಸುಬೇದಾರ್ ದರ್ಜೆಯವರ) ವಿಷಯ. ಆಫೀಸರ್‌ಗಳ ಕಥೆ ಸ್ವಲ್ಪ ಬೇರೆ.

## ಮೊದಲು ತಿಳಿಯಬೇಕಾದದ್ದು

ಸಾರ್, ನನ್ನನ್ನ ಮನೆಗೆ ಕಳಿಸಿಬಿಟ್ರು. ಇದು ಡಿಸ್ಚಾರ್ಜಾ, ಡಿಸ್ಮಿಸ್ಸಾ? ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ನಿಮ್ಮ ಇಡೀ ಕೇಸು ನಿಂತಿರೋದೇ ಈ ವ್ಯತ್ಯಾಸದ ಮೇಲೆ. 1950ರ ಆರ್ಮಿ ಆ್ಯಕ್ಟ್‌ನ 22ನೇ ಸೆಕ್ಷನ್ ಕೆಳಗೆ ಕಳಿಸಿದರೆ ಡಿಸ್ಚಾರ್ಜ್, ಅಂದರೆ ಬಿಡುಗಡೆ. 19 ಅಥವಾ 20ನೇ ಸೆಕ್ಷನ್ ಕೆಳಗೆ ತೆಗೆದರೆ, ಅಥವಾ ಕೋರ್ಟ್ ಮಾರ್ಷಲ್ (ಸೇನೆಯ ಒಳಗಿನ ಕೋರ್ಟ್) ಶಿಕ್ಷೆಯಾಗಿ ತೆಗೆದರೆ, ಅದು ಡಿಸ್ಮಿಸಲ್, ಅಂದರೆ ವಜಾ. ಡಿಸ್ಚಾರ್ಜ್ ಆದವನು ಅಲ್ಲಿವರೆಗೆ ಮಾಡಿದ ಸರ್ವಿಸ್‌ಗೆ ಸಿಗಬೇಕಾದ ಪೆನ್ಷನ್ ಅಥವಾ ಗ್ರಾಚ್ಯುಟಿ ಕೇಳಬಹುದು. ಡಿಸ್ಮಿಸ್ ಆದವನಿಗೆ ಪೆನ್ಷನ್ ನಿಯಮದ ಪ್ರಕಾರ ಹಿಂದಿನ ಸರ್ವಿಸ್ ಪೂರ್ತಿ ಹೋಯಿತು, ಹದಿನಾಲ್ಕು ವರ್ಷ ದುಡಿದಿದ್ದರೂ ಅಷ್ಟೇ. (ಇದಕ್ಕೆ ಒಂದು ಕಿಂಡಿ ಇದೆ, ಕೆಳಗೆ ಬರೆದಿದ್ದೇನೆ.) ಆದ್ದರಿಂದ ಯಾರೇ ಬಂದರೂ ನಾನು ಕೇಳುವ ಮೊದಲ ಮಾತು ಒಂದೇ: ಆದೇಶದಲ್ಲಿ ಯಾವ ಸೆಕ್ಷನ್, ಯಾವ ರೂಲ್ ಬರೆದಿದೆ? "ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬ್ರಿಗೆ ನನ್ನ ಕಂಡರೆ ಆಗ್ತಿರ್ಲಿಲ್ಲ" ಅನ್ನೋ ಕಥೆ ಆಮೇಲೆ ಕೇಳೋಣ.

ನನ್ನ ಹತ್ರ ಒಂದು ಕಾಗದವೂ ಇಲ್ಲ. ಟ್ರಂಕ್ ಹಿಡ್ಕೊಂಡು ರೈಲು ಹತ್ತಿದ್ದೊಂದೇ ಗೊತ್ತು. ಎಲ್ಲಿಂದ ಶುರು ಮಾಡ್ಲಿ?

ಆರ್ಮಿ ಆ್ಯಕ್ಟ್‌ನ 23ನೇ ಸೆಕ್ಷನ್ ಒಮ್ಮೆ ಓದಿ. ಡಿಸ್ಚಾರ್ಜ್ ಇರಲಿ, ಡಿಸ್ಮಿಸ್ ಇರಲಿ, ಹೊರಗೆ ಹೋಗುವ ಜವಾನನಿಗೆ ಕಮಾಂಡಿಂಗ್ ಆಫೀಸರ್ ಒಂದು ಸರ್ಟಿಫಿಕೇಟ್ ಕೊಡಲೇಬೇಕು. ಸರ್ವಿಸ್ ಮುಗಿಸಿದ ಅಧಿಕಾರಿ ಯಾರು, ಕಾರಣ ಏನು, ಒಟ್ಟು ಎಷ್ಟು ಸರ್ವಿಸ್ ಅಂತ ಅದರಲ್ಲಿ ಇರಬೇಕು. ಅದೂ ಇಂಗ್ಲಿಷ್‌ನಲ್ಲಿ ಮಾತ್ರ ಅಲ್ಲ, ಅವನ ಮಾತೃಭಾಷೆಯಲ್ಲೂ. ಅಂದರೆ ಕನ್ನಡದವನಿಗೆ ಕನ್ನಡದಲ್ಲಿ. ನನ್ನ ಹತ್ತಿರ ಬಂದವರಲ್ಲಿ ಯಾರ ಕೈಯಲ್ಲೂ ಕನ್ನಡದ ಪ್ರತಿ ನೋಡಿದ ನೆನಪಿಲ್ಲ, ಆ ಮಾತು ಬೇರೆ.

ಕಾಗದ ಇಲ್ಲದಿದ್ದರೆ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ. ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್. ಸೇನೆ ಆರ್‌ಟಿಐ ಕಾಯ್ದೆಯಿಂದ ಹೊರಗಿಲ್ಲ. ಫೀಸು 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ಸುಮ್ನೆ "ನನ್ನ ದಾಖಲೆ ಕೊಡಿ" ಅಂತ ಬರೆಯಬೇಡಿ. ಶೀಟ್ ರೋಲ್ (ಸರ್ವಿಸ್ ವಿವರದ ಹಾಳೆ), ಕಂಡಕ್ಟ್ ಶೀಟ್ (ಶಿಕ್ಷೆಗಳನ್ನು ಬರೆಯುವ ಹಾಳೆ), ಶೋಕಾಸ್ ನೋಟಿಸ್ ಮತ್ತು ಅದಕ್ಕೆ ನೀವು ಕೊಟ್ಟ ಉತ್ತರ, ವಿಚಾರಣೆಯ ಕಡತ, ಡಿಸ್ಚಾರ್ಜ್ ಆದೇಶ, ಮೆಡಿಕಲ್ ಬೋರ್ಡ್ (ಸೇನಾ ವೈದ್ಯರ ಸಮಿತಿಯ ತಪಾಸಣೆ) ಆಗಿದ್ದರೆ ಅದರ ಪೂರ್ತಿ ಪ್ರತಿ, ಹೀಗೆ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಆರ್ಮಿ ನಂಬರ್, ರ್‍ಯಾಂಕ್, ಕೊನೆಯ ಯುನಿಟ್ ತಪ್ಪದೆ ಬರೆಯಿರಿ. ತಡ ಮಾಡಬೇಡಿ, ಪೆನ್ಷನ್ ಇಲ್ಲದವರ ದಾಖಲೆಯನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ಪದ್ಧತಿ ಇದೆ.

ಡಿಸ್ಚಾರ್ಜ್ ಬುಕ್‌ನಲ್ಲಿ ಕ್ಯಾರೆಕ್ಟರ್ "ಫೇರ್" ಅಂತ ಬರೆದಿದ್ದಾರೆ. ಸೆಕ್ಯುರಿಟಿ ಕೆಲಸಕ್ಕೆ ಹೋದರೂ ಅದನ್ನೇ ನೋಡ್ತಾರೆ. ತಿದ್ದಿಸಬಹುದಾ?

ಕೇಳಬಹುದು, ಆದರೆ ಆ ಪದ ಒಂದನ್ನೇ ಹಿಡಿದು ಹೋರಾಡಿದರೆ ಏನೂ ಆಗಲ್ಲ. ಎಕ್ಸೆಂಪ್ಲರಿ, ವೆರಿ ಗುಡ್, ಗುಡ್, ಫೇರ್ ಅನ್ನೋ ಈ ಶ್ರೇಣಿಗಳನ್ನು ಕಂಡಕ್ಟ್ ಶೀಟ್‌ನಲ್ಲಿರುವ ಶಿಕ್ಷೆಗಳನ್ನು ನೋಡಿ ಹಾಕುತ್ತಾರೆ. ಶಿಕ್ಷೆ ಹಾಗೇ ಉಳಿದು ಕ್ಯಾರೆಕ್ಟರ್ ಮಾತ್ರ ಮೇಲೆ ಹೋಗೋದು ಕಷ್ಟ. ಶಿಕ್ಷೆ ಅಥವಾ ಡಿಸ್ಚಾರ್ಜ್ ಆದೇಶವೇ ರದ್ದಾದರೆ ಅದರ ಜೊತೆಗೆ ಇದನ್ನೂ ತಿದ್ದಬೇಕಾಗುತ್ತೆ. ಅರ್ಜಿಯ ಕೋರಿಕೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಸೇರಿಸಿ, ಸಾಕು. ಸುಮ್ಮನೆ ಗುಮಾಸ್ತರ ತಪ್ಪಾಗಿದ್ದರೆ (ಹೆಸರು, ಹುಟ್ಟಿದ ದಿನ, ಬೇರೆಯವನ ಎಂಟ್ರಿ ನಿಮ್ಮ ಹಾಳೆಗೆ ಬಂದಿರೋದು) ರೆಕಾರ್ಡ್ ಆಫೀಸಿಗೆ ಪತ್ರ ಬರೆದರೇ ಸರಿಯಾಗುತ್ತದೆ, ಕೋರ್ಟ್ ಬೇಕಿಲ್ಲ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ "ನೀವು ಮಾಜಿ ಸೈನಿಕರೇ ಅಲ್ಲ" ಅಂದ್ರು. ಒಂಬತ್ತು ವರ್ಷ ಬಾರ್ಡರ್‌ನಲ್ಲಿ ನಿಂತವನು ನಾನು!

ಸಿಟ್ಟು ಬರೋದು ಸಹಜ. ಆದರೆ ಅದು ಆ ಕಚೇರಿಯವರ ಕೈಯಲ್ಲಿಲ್ಲ. ಮಾಜಿ ಸೈನಿಕ ಅಂದರೆ ಯಾರು ಅನ್ನೋದನ್ನು ಕೇಂದ್ರ ಸರ್ಕಾರದ 1979ರ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳು ಹೇಳುತ್ತವೆ. ಪೆನ್ಷನ್ ಪಡೆದು ಬಂದವರು, ಸೇವೆಯಿಂದ ಬಂದ ಕಾಯಿಲೆಯ ಕಾರಣ ಮೆಡಿಕಲ್ ಪೆನ್ಷನ್ ಮೇಲೆ ಬಂದವರು, ಸಿಬ್ಬಂದಿ ಕಡಿತದಲ್ಲಿ ಬಂದವರು, ಗೊತ್ತುಪಡಿಸಿದ ಅವಧಿ ಮುಗಿಸಿ ಗ್ರಾಚ್ಯುಟಿ ಪಡೆದವರು ಇದರಲ್ಲಿ ಬರುತ್ತಾರೆ. ವಜಾ ಆದವರು, ದುರ್ನಡತೆ ಅಥವಾ ಅಸಾಮರ್ಥ್ಯದ ಕಾರಣಕ್ಕೆ ಡಿಸ್ಚಾರ್ಜ್ ಆದವರು ಬರಲ್ಲ. ಹಾಗಾಗಿ ಮಾಜಿ ಸೈನಿಕರ ಕಾರ್ಡಿಗಾಗಿ ಕಚೇರಿಗೆ ಅಲೆಯುವ ಬದಲು ಮೂಲ ಆದೇಶದ ಮೇಲೆ ಗಮನ ಇಡಿ. ಅದು ಬದಲಾದರೆ ಕಾರ್ಡ್ ತಾನಾಗಿ ಬರುತ್ತೆ.

## ಯಾವ ಕಾರಣಕ್ಕೆ ಕಳಿಸಿದರು?

ನಾಲ್ಕು ರೆಡ್ ಇಂಕ್ ಬಿತ್ತು ಅಂತ ಮನೆಗೆ ಕಳಿಸಿದ್ರು. ನಾಲ್ಕಾದ್ರೆ ಮುಗೀತು ಅಂತಾರಲ್ಲ, ಇನ್ನೇನು ಮಾಡೋಕಾಗುತ್ತೆ?

ಪಲ್ಟನ್‌ಗಳಲ್ಲಿ ಎಲ್ಲರೂ ನಂಬಿರುವ ಮಾತು ಇದು. ಆದರೆ ನಿಜ ಅಲ್ಲ. ನನ್ನ ಪ್ರಕಾರ ಗೆಲ್ಲುವ ಅವಕಾಶ ಜಾಸ್ತಿ ಇರೋದು ಇಂಥ ಕೇಸುಗಳಲ್ಲೇ.

ಕಂಡಕ್ಟ್ ಶೀಟ್‌ನಲ್ಲಿ ಸಣ್ಣ ಶಿಕ್ಷೆಗಳನ್ನು ಕಪ್ಪು ಶಾಯಿಯಲ್ಲಿ, ದೊಡ್ಡವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ನಾಲ್ಕು ಕೆಂಪು ಸಾಲು ಬಿದ್ದವನನ್ನು 1954ರ ಆರ್ಮಿ ರೂಲ್ಸ್‌ನ ರೂಲ್ 13(3), ಐಟಂ 3(5)ರ ಕೆಳಗೆ "ಸೇವೆ ಇನ್ನು ಬೇಕಿಲ್ಲ" ಅಂತ ಕಳಿಸುವ ರೂಢಿ ಇದೆ. ಆದರೆ 1988ರ ಡಿಸೆಂಬರ್ 28ರ ಸೇನಾ ಕೇಂದ್ರ ಕಚೇರಿಯ ಪತ್ರವೇ ಇದಕ್ಕೆ ಕಡಿವಾಣ ಹಾಕಿದೆ. ಮೊದಲು ನಿಷ್ಪಕ್ಷಪಾತವಾದ ಪ್ರಾಥಮಿಕ ವಿಚಾರಣೆ ಆಗಬೇಕು. ಶೋಕಾಸ್ ನೋಟಿಸ್ ಕೊಡಬೇಕು. ಎಷ್ಟು ವರ್ಷ ಸರ್ವಿಸ್ ಆಗಿದೆ, ಎಂಥ ಕಷ್ಟದ ಜಾಗಗಳಲ್ಲಿ ಇದ್ದ, ಪೆನ್ಷನ್‌ಗೆ ಎಷ್ಟು ಹತ್ತಿರ ಇದ್ದಾನೆ, ಇದೆಲ್ಲ ನೋಡಬೇಕು. ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್‌ನಲ್ಲಿ ವೀರೇಂದ್ರ ಕುಮಾರ್ ದುಬೆ ಕೇಸಿನಲ್ಲಿ ಇದನ್ನೇ ಎತ್ತಿಹಿಡಿಯಿತು. ನಾಲ್ಕು ಎಂಟ್ರಿ ಆದ ಮಾತ್ರಕ್ಕೆ ಡಿಸ್ಚಾರ್ಜ್ ತಾನಾಗಿ ಆಗಿಬಿಡಲ್ಲ, ವಿಚಾರಣೆ ಇಲ್ಲದೆ ಕಳಿಸಿದ್ದು ತಪ್ಪು ಅಂದಿತು. ಪೆನ್ಷನ್‌ಗೆ ಬೇಕಾದ ಸರ್ವಿಸ್ ಮುಗಿಯುವವರೆಗೆ ಅವರು ಸೇವೆಯಲ್ಲೇ ಇದ್ದರು ಅಂತ ಪರಿಗಣಿಸಲು ಹೇಳಿತು. ಹಿಂಬಾಕಿ ಸಂಬಳ ಮಾತ್ರ ಕೊಡಲಿಲ್ಲ.

ಇನ್ನೊಂದು ಮುಖವೂ ಇದೆ. 2019ರ ಸತ್ಗುರ್ ಸಿಂಗ್ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್ ಡಿಸ್ಚಾರ್ಜ್ ಸರಿ ಅಂದಿದೆ. ಹಾಗಾಗಿ ದುಬೆ ತೀರ್ಪಿನ ಪ್ರತಿ ಕೈಲಿದ್ದರೆ ಗೆದ್ದಂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಕಡತದಲ್ಲಿ ವಿಚಾರಣೆಯ ಹಾಳೆ ಇದೆಯೋ ಇಲ್ಲವೋ, ಶೋಕಾಸ್‌ಗೆ ಕೊಟ್ಟ ಉತ್ತರವನ್ನು ಯಾರಾದರೂ ಓದಿ ಕಾರಣ ಬರೆದಿದ್ದಾರೋ ಇಲ್ಲವೋ, ಕೇಸು ನಿಲ್ಲೋದು ಅಲ್ಲಿ. ಕೆಂಪು ಸಾಲುಗಳ ತಾರೀಖನ್ನೂ ನೋಡಿ. ಮೊನ್ನೆ ಒಬ್ಬರು ತಂದ ಹಾಳೆಯಲ್ಲಿ ನಾಲ್ಕರಲ್ಲಿ ಮೂರು ರಜೆ ಮುಗಿದ ಮೇಲೆ ತಡವಾಗಿ ಹಾಜರಾದದ್ದು. ಮೂರೂ ಅವರ ತಾಯಿ ಆಸ್ಪತ್ರೆಯಲ್ಲಿದ್ದ ಒಂದೇ ವರ್ಷದವು. ಆಸ್ಪತ್ರೆ ಚೀಟಿಗಳೂ ಮನೆಯಲ್ಲೇ ಇದ್ದವು. ಶೋಕಾಸ್ ಉತ್ತರದಲ್ಲಿ ಮಾತ್ರ "ತಪ್ಪಾಯಿತು, ಕ್ಷಮಿಸಿ" ಅಂತ ಒಂದೇ ಸಾಲು.

ತಮ್ಮ ರಜೆ ಮೇಲೆ ಬಂದವನು ವಾಪಸ್ ಹೋಗಲೇ ಇಲ್ಲ. ಈಗ ಪೊಲೀಸರು ಮನೆಗೆ ಬರ್ತಾರೆ. ಸುಮ್ನಿದ್ರೆ ತಾನಾಗೇ ಮುಗಿಯುತ್ತಾ?

ಮುಗಿಯಲ್ಲ, ಬೆಳೆಯುತ್ತೆ. 30 ದಿನ ಕಳೆದರೆ 106ನೇ ಸೆಕ್ಷನ್ ಪ್ರಕಾರ ಕೋರ್ಟ್ ಆಫ್ ಎನ್‌ಕ್ವೈರಿ ನಡೆಸಿ ಗೈರು ಅಂತ ದಾಖಲಿಸುತ್ತಾರೆ. ಹಿಡಿದು ಕೊಡಿ ಅಂತ ಜಿಲ್ಲೆಯ ಪೊಲೀಸರಿಗೆ ಪತ್ರ ಬರುತ್ತೆ. ಮನೆಗೆ ಬರ್ತಿರೋದು ಅದಕ್ಕೇ. ಹೀಗೇ ಬಿಟ್ಟರೆ ಸಾಮಾನ್ಯವಾಗಿ ಮೂರು ವರ್ಷದ ನಂತರ, ಫೀಲ್ಡ್ ಏರಿಯಾದಿಂದ (ಗಡಿ, ಕಾರ್ಯಾಚರಣೆಯ ಜಾಗದಿಂದ) ಹೋದವನಾದರೆ ಹತ್ತು ವರ್ಷದ ನಂತರ, ಅವನಿಲ್ಲದೇನೇ ಡಿಸ್ಮಿಸ್ ಮಾಡುತ್ತಾರೆ.

ಬರೀ ಗೈರಿಗೂ ಪಲಾಯನಕ್ಕೂ ಕಾನೂನಿನಲ್ಲಿ ಬಹಳ ದೂರ. ಬರೀ ಗೈರು 39ನೇ ಸೆಕ್ಷನ್, ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಪಲಾಯನ 38ನೇ ಸೆಕ್ಷನ್, ಏಳು ವರ್ಷದವರೆಗೆ, ಆ್ಯಕ್ಟಿವ್ ಸರ್ವಿಸ್‌ನಲ್ಲಿದ್ದಾಗ ಆದರೆ ಇನ್ನೂ ಘೋರ (ಆ್ಯಕ್ಟಿವ್ ಸರ್ವಿಸ್ ಅಂದರೆ ಯುದ್ಧ, ಕಾರ್ಯಾಚರಣೆಯಂಥ ಕೆಲಸ). ವಾಪಸ್ ಹೋಗುವ ಮನಸ್ಸಿತ್ತು ಅಂತ ತೋರಿಸಬಹುದಾದರೆ ಆರೋಪ ಹಗುರ ಆಗುತ್ತೆ. ತಾನಾಗಿ ಹೋಗಿ ಹಾಜರಾಗೋದೇ ಅದಕ್ಕೆ ಎಲ್ಲಕ್ಕಿಂತ ಒಳ್ಳೆ ಸಾಕ್ಷಿ. ಯುನಿಟ್‌ಗಾಗಲಿ ರೆಜಿಮೆಂಟಲ್ ಸೆಂಟರ್‌ಗಾಗಲಿ ಹೋಗಿ ಹಾಜರಾಗಲಿ. ಮಾನಸಿಕ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕೈಯಲ್ಲಿ ಕೊಟ್ಟು ಕಳಿಸಿ. ಆಮೇಲೆ ಮಾಡಿಸಿದ ಸರ್ಟಿಫಿಕೇಟ್ ಯಾರೂ ನಂಬಲ್ಲ.

ಸಮರಿ ಕೋರ್ಟ್ ಮಾರ್ಷಲ್ ಅರ್ಧ ಗಂಟೆಯಲ್ಲಿ ಮುಗೀತು. "ಗಿಲ್ಟಿ ಅಂದ್ಬಿಡು, ಸಣ್ಣ ಶಿಕ್ಷೆ ಕೊಟ್ಟು ಬಿಡ್ತಾರೆ" ಅಂದಿದ್ರು. ಡಿಸ್ಮಿಸ್ ಮಾಡಿದ್ರು. ಒಪ್ಕೊಂಡ ಮೇಲೆ ದಾರಿ ಇದೆಯಾ?

ಇದೆ. ಈ ಕೋರ್ಟಿನಲ್ಲಿ ನ್ಯಾಯಾಧೀಶರು ಕಮಾಂಡಿಂಗ್ ಆಫೀಸರ್ ಒಬ್ಬರೇ. ಅವರು ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ವಜಾ ಮಾಡಬಹುದು. ಬೇರೆ ಕೋರ್ಟ್ ಮಾರ್ಷಲ್‌ಗಳಂತೆ ಮೇಲಿನವರ ದೃಢೀಕರಣಕ್ಕೆ ಕಾಯಬೇಕಿಲ್ಲ. ಇಷ್ಟು ಅಧಿಕಾರ ಒಬ್ಬರ ಕೈಯಲ್ಲಿ ಇರೋದರಿಂದಲೇ ರೂಲ್ಸ್ ಬಿಗಿಯಾಗಿವೆ.

ಕಡತ ಸಿಕ್ಕಾಗ ಇವನ್ನು ನೋಡಿ. ಚಾರ್ಜ್ ಶೀಟ್ ಕೈಗೆ ಕೊಟ್ಟ ಮೇಲೆ ವಿಚಾರಣೆಗೆ ಕನಿಷ್ಠ 96 ಗಂಟೆ ಅಂತರ ಇತ್ತಾ (ಆ್ಯಕ್ಟಿವ್ ಸರ್ವಿಸ್‌ನಲ್ಲಿ 24 ಗಂಟೆ)? ರೂಲ್ 22ರ ಪ್ರಕಾರ ಮೊದಲು ನಿಮ್ಮೆದುರಿಗೆ ಸಾಕ್ಷಿಗಳನ್ನು ಕೇಳಿದರಾ, ನಿಮಗೆ ಪಾಟೀಸವಾಲಿಗೆ ಬಿಟ್ಟರಾ? ಗಿಲ್ಟಿ ಅಂದಾಗ ಅದರ ಅರ್ಥ, ಪರಿಣಾಮ ವಿವರಿಸಿದೆವು ಅಂತ ರೂಲ್ 115ರ ಪ್ರಕಾರ ದಾಖಲೆ ಇದೆಯಾ? "ಫ್ರೆಂಡ್ ಆಫ್ ದಿ ಅಕ್ಯೂಸ್ಡ್" ಅಂತ, ಅಂದರೆ ನಿಮ್ಮ ನೆರವಿಗೆ, ಯಾರನ್ನಾದರೂ ಕೊಟ್ಟಿದ್ದರಾ, ಅವರ ಹೆಸರು ಇದೆಯಾ? ಇವುಗಳಲ್ಲಿ ಒಂದು ಕೈಕೊಟ್ಟಿದ್ದರೂ ಅದೇ ನಿಮ್ಮ ಮುಖ್ಯ ಅಂಶ.

ಶಿಕ್ಷೆ ಅತಿಯಾಯಿತು ಅನ್ನೋದೂ ಒಂದು ಕಾರಣ. 1987ರ ರಂಜಿತ್ ಠಾಕೂರ್ ಕೇಸು ನೋಡಿ. ಈ ಸಿಗ್ನಲ್‌ಮನ್ ತನ್ನ ಆಫೀಸರ್ ಮೇಲೆ ನೇರವಾಗಿ ಮೇಲಿನವರಿಗೆ ದೂರು ಬರೆದಿದ್ದ. ಅದಕ್ಕೆ 28 ದಿನ ಕಠಿಣ ಸಜೆ ಆಯಿತು. ಆ ಸಜೆಯಲ್ಲಿದ್ದಾಗ ಊಟ ಮಾಡು ಅಂದರೆ ಮಾಡಲಿಲ್ಲ ಅಂತ ಇನ್ನೊಂದು ಆರೋಪ ಹೊರಿಸಿ, ಒಂದು ವರ್ಷ ಜೈಲು ಮತ್ತು ಡಿಸ್ಮಿಸಲ್ ಕೊಟ್ಟರು. ವಿಚಾರಣೆಗೆ ಕೂತವರಲ್ಲಿ ಅವನು ಯಾರ ಮೇಲೆ ದೂರು ಬರೆದಿದ್ದನೋ ಆ ಆಫೀಸರೇ ಇದ್ದರು! ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲು ಹೇಳಿತು. ಇವತ್ತಿಗೂ ವಕೀಲರು ಮೊದಲು ಎತ್ತುವ ತೀರ್ಪು ಇದು.

ಮೆಡಿಕಲ್ ಬೋರ್ಡ್ ಮಾಡಿ ಕಳಿಸಿದ್ರು. ಕಾಯಿಲೆ "ನಾನಾ" ಅಂತ ಬರೆದು ಪೆನ್ಷನ್ ಕೊಡಲಿಲ್ಲ. ಸೇರುವಾಗ ನಾನು ಫಿಟ್ ಇದ್ದೆ!

ನಿಮ್ಮ ಕೊನೆಯ ಮಾತಿನಲ್ಲೇ ನಿಮ್ಮ ಕೇಸು ಇದೆ. "ನಾನಾ" ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ ಅಂತ. 2013ರ ಜುಲೈನಲ್ಲಿ ಧರ್ಮವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗಿನ ಮೆಡಿಕಲ್‌ನಲ್ಲಿ ಕಾಯಿಲೆಯ ಸುಳಿವು ಬರೆದಿಲ್ಲದಿದ್ದರೆ ಅವನು ಆಗ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕು. ಕಾಯಿಲೆ ಸೇವೆಗೆ ಸಂಬಂಧಿಸಿಲ್ಲ ಅಂತ ತೋರಿಸುವ ಹೊಣೆ ಸೇನೆಯದು. ಬೋರ್ಡ್ ಕಾರಣ ಬರೆಯದೆ ಸುಮ್ನೆ ಟಿಕ್ ಹಾಕಿದರೆ ಸಾಲದು. ಧರ್ಮವೀರ್ ಅವರದು ಮೂರ್ಛೆ ರೋಗ, ಸರ್ವಿಸ್ ಒಂಬತ್ತು ವರ್ಷದಷ್ಟು, ಅಂಗವೈಕಲ್ಯ ಶೇ. 20. ಪೆನ್ಷನ್ ಸಿಕ್ಕಿತು.

ಅಂಗವೈಕಲ್ಯದ ಪೆನ್ಷನ್ ಸಿಗಲು ಸಾಮಾನ್ಯವಾಗಿ ಶೇ. 20 ಇರಬೇಕು. 2014ರ ಡಿಸೆಂಬರ್‌ನ ರಾಮ್ ಅವತಾರ್ ತೀರ್ಪಿನ ಪ್ರಕಾರ 20ರಿಂದ 50ರೊಳಗೆ ಇದ್ದರೆ 50 ಅಂತ, 50ರಿಂದ 75ರವರೆಗೆ ಇದ್ದರೆ 75 ಅಂತ, ಅದಕ್ಕಿಂತ ಮೇಲಾದರೆ 100 ಅಂತ ಏರಿಸಿ ಲೆಕ್ಕ ಹಾಕುತ್ತಾರೆ. 2023ರ ಸೆಪ್ಟೆಂಬರ್ 21ರ ನಂತರ ಬಂದವರಿಗೆ ಹೊಸ ನಿಯಮಗಳು ಅನ್ವಯಿಸುತ್ತವೆ. ಅವು ಮೊದಲಿಗಿಂತ ಬಿಗಿ. ಹಾಗಾಗಿ ಹಳಬರ ತೀರ್ಪನ್ನು ಹಾಗೇ ನಕಲು ಮಾಡಿ ಅರ್ಜಿ ಬರೆಯಬೇಡಿ. ಲೋ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ ಇಳಿದಿದೆ) ಅಂತ ಹೇಳಿ, ಇನ್‌ವ್ಯಾಲಿಡಿಂಗ್ ಬೋರ್ಡ್ (ಸೇವೆಗೆ ಅನರ್ಹ ಅಂತ ತೀರ್ಮಾನಿಸುವ ವೈದ್ಯರ ಸಮಿತಿ) ನಡೆಸದೇ ಕಳಿಸಿದ್ದರೆ 2008ರ ರಾಜ್‌ಪಾಲ್ ಸಿಂಗ್ ತೀರ್ಪನ್ನು ವಕೀಲರಿಗೆ ತೋರಿಸಿ.

ಸೇರುವಾಗ ಊರಿನ ಜಗಳದ ಒಂದು ಪೊಲೀಸ್ ಕೇಸ್ ಇತ್ತು. ಫಾರ್ಮ್‌ನಲ್ಲಿ "ಇಲ್ಲ" ಅಂತ ಬರೆದೆ. ಗೊತ್ತಾಗಿ ಕಳಿಸಿದ್ರು.

ಇದು ಕಷ್ಟದ ಕೇಸು. ಇಲ್ಲಿ ಶಿಕ್ಷೆ ಆಗೋದು ಜಗಳಕ್ಕಲ್ಲ, ಸುಳ್ಳು ಉತ್ತರಕ್ಕೆ. ಆರ್ಮಿ ಆ್ಯಕ್ಟ್‌ನ 44ನೇ ಸೆಕ್ಷನ್ ಅದನ್ನೇ ಅಪರಾಧ ಅನ್ನುತ್ತೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಉಸಿರಾಡಲು ಜಾಗ ಬಿಟ್ಟಿದೆ. ಚಿಕ್ಕ ವಯಸ್ಸಿನ ಕ್ಷುಲ್ಲಕ ಪ್ರಕರಣವಾದರೆ ಅಧಿಕಾರಿ ವಿವೇಚನೆ ಬಳಸಬಹುದು ಅಂತ. ಖುಲಾಸೆಯ ಆದೇಶದ ಪ್ರತಿ ಇದ್ದರೆ ಅದನ್ನು ಇಟ್ಟುಕೊಂಡೇ ಮುಂದೆ ಹೋಗಿ.

ಮನೆ ಕಷ್ಟಕ್ಕೆ ನಾನೇ ಬರೆದುಕೊಟ್ಟು ಬಂದೆ. 14 ವರ್ಷ 3 ತಿಂಗಳು ಆಗಿತ್ತು. ಪೆನ್ಷನ್ ಇಲ್ಲ ಅಂದ್ರು.

ಜವಾನರಿಗೆ ಸರ್ವಿಸ್ ಪೆನ್ಷನ್‌ಗೆ 15 ವರ್ಷ ಬೇಕು. ಆದರೆ ರಕ್ಷಣಾ ಸಚಿವಾಲಯದ 2001ರ ಆಗಸ್ಟ್ 14ರ ಪತ್ರದ ಪ್ರಕಾರ 12 ತಿಂಗಳವರೆಗಿನ ಕೊರತೆಯನ್ನು ಮನ್ನಾ ಮಾಡಬಹುದು. ಸ್ವಂತ ಕೋರಿಕೆಯ ಮೇಲೆ ಬಂದವರಿಗೆ ಇದು ಇಲ್ಲ ಅಂತ ಕಚೇರಿಗಳು ಹೇಳುತ್ತವೆ. ನ್ಯಾಯಮಂಡಳಿಯಲ್ಲಿ ಅಂಥವರಿಗೂ ಸಿಕ್ಕಿದೆ. ಮೊದಲು ಲಿಖಿತ ಅರ್ಜಿ ಕೊಡಿ, ತಿರಸ್ಕಾರವನ್ನು ಲಿಖಿತವಾಗಿಯೇ ಪಡೆಯಿರಿ.

## ಮೇಲ್ಮನವಿ ಎಲ್ಲಿ, ಹೇಗೆ?

ನೇರ ಕೋರ್ಟಿಗೆ ಹೋಗಬಹುದಾ? ಮೇಲಿನವರಿಗೆ ಬರೆದು ಏನು ಪ್ರಯೋಜನ, ಅವರೇ ತಾನೇ ಕಳಿಸಿದ್ದು?

ಪ್ರಯೋಜನ ಆಗಲಿ ಬಿಡಲಿ, ಬರೆಯಲೇಬೇಕು. ಇಂಥ ಕೇಸು ಕೇಳೋದು 2007ರ ಕಾಯ್ದೆಯಿಂದ ಬಂದು 2009ರಲ್ಲಿ ಕೆಲಸ ಶುರು ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಎಲ್ಲರ ಬಾಯಲ್ಲಿ ಎಎಫ್‌ಟಿ. ಇಲಾಖೆಯ ಒಳಗಿನ ದಾರಿ ಮುಗಿಸಿ ಬನ್ನಿ ಅಂತ ಅದರ 21ನೇ ಸೆಕ್ಷನ್ ಹೇಳುತ್ತೆ. ಕೋರ್ಟ್ ಮಾರ್ಷಲ್ ಆಗಿದ್ದರೆ ಆರ್ಮಿ ಆ್ಯಕ್ಟ್ 164(2)ರ ಅರ್ಜಿ. ಡಿಸ್ಚಾರ್ಜ್ ಆಗಿದ್ದರೆ ರೆಕಾರ್ಡ್ ಆಫೀಸ್ ಮೂಲಕ ಸೇನಾ ಮುಖ್ಯಸ್ಥರಿಗೆ ಮನವಿ. ಅಂಗವೈಕಲ್ಯ ಪೆನ್ಷನ್ ಆದರೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು.

ಆರು ತಿಂಗಳು ಉತ್ತರ ಬರದಿದ್ದರೆ ದಾರಿ ಮುಗಿಸಿದಂತೆಯೇ ಲೆಕ್ಕ. ಅದಕ್ಕೇ ಸ್ಪೀಡ್ ಪೋಸ್ಟ್ ರಸೀದಿ ಜೋಪಾನ ಮಾಡಿ ಅಂತ ನಾನು ಬಾಯಿ ನೋಯುವಷ್ಟು ಹೇಳೋದು. ಆ ರಸೀದಿಯ ತಾರೀಖಿನಿಂದಲೇ ಮುಂದಿನ ಲೆಕ್ಕ. ಇನ್ನೊಂದು ಮಾತು, ಅರ್ಜಿಯಲ್ಲಿ ಬೈಗುಳ ಬೇಡ. ಎರಡು ಮೂರು ಪುಟ ಸಾಕು. ಯಾವ ತಾರೀಖು, ಯಾವ ಆದೇಶ, ಯಾವ ನಿಯಮ ಮುರಿದರು, ನಿಮಗೆ ಏನು ಬೇಕು, ಅಷ್ಟೇ. ಈ ಅರ್ಜಿಯಲ್ಲಿ ಎತ್ತದ ಅಂಶವನ್ನು ಆಮೇಲೆ ಎತ್ತಿದರೆ "ಆಗ ಯಾಕೆ ಹೇಳಲಿಲ್ಲ" ಅನ್ನುತ್ತಾರೆ.

ಇಪ್ಪತ್ತು ವರ್ಷ ಆಯ್ತು ಸಾರ್. ಈಗ ಕೇಳಬಹುದಾ?

ಏನು ಕೇಳ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಎಎಫ್‌ಟಿಗೆ ಬರಬೇಕು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಾ ಮಾಡುವ ಅಧಿಕಾರ ಅದಕ್ಕಿದೆ. ವಜಾ ಆದೇಶವನ್ನೇ ರದ್ದು ಮಾಡಿ ಅಂತ ಇಪ್ಪತ್ತು ವರ್ಷದ ನಂತರ ಹೋದರೆ ಬಹಳ ಗಟ್ಟಿ ಕಾರಣ ಬೇಕು. "ಗೊತ್ತಿರಲಿಲ್ಲ" ಅಂದರೆ ನಡೆಯಲ್ಲ. ಪೆನ್ಷನ್ ವಿಷಯ ಹಾಗಲ್ಲ, ಪ್ರತಿ ತಿಂಗಳೂ ಕೊಡದೆ ಇರೋದು ಮುಂದುವರಿಯುವ ತಪ್ಪು. 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಅದನ್ನು ತಡವಾಗಿಯೂ ಕೇಳಬಹುದು. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೆ ಮೊದಲಿನ ಮೂರು ವರ್ಷದ್ದು ಅಷ್ಟೇ ಸಿಗುತ್ತೆ. ಅಂದರೆ ನೀವು ಮುಂದೂಡುವ ಒಂದೊಂದು ತಿಂಗಳೂ ಕೈಯಿಂದ ಹೋದ ದುಡ್ಡು.

ಬೆಂಗಳೂರಲ್ಲೇ ಹಾಕಬಹುದಾ? ವಕೀಲರ ಫೀಸು ಕೇಳಿ ತಲೆ ತಿರುಗ್ತು.

ಎಎಫ್‌ಟಿಯ ಮುಖ್ಯ ಪೀಠ ದೆಹಲಿಯಲ್ಲಿದೆ. ಕರ್ನಾಟಕ ಬರೋದು ಕೊಚ್ಚಿ ಪೀಠದ ವ್ಯಾಪ್ತಿಗೆ. ಇಷ್ಟೊಂದು ಸೇನಾ ಕೇಂದ್ರಗಳು, ಇಷ್ಟೊಂದು ಮಾಜಿ ಸೈನಿಕರು ಇರುವ ರಾಜ್ಯದವರು ಕೇರಳಕ್ಕೆ ಹೋಗಬೇಕು ಅನ್ನೋದು ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ. ಸೇವೆಯಿಂದ ಹೊರಗೆ ಬಂದವರು ತಾವು ವಾಸ ಇರುವ ಜಾಗದ ವ್ಯಾಪ್ತಿಯ ಪೀಠದಲ್ಲಿ ಹಾಕಬಹುದು. ಕೊನೆಯ ಪೋಸ್ಟಿಂಗ್ ಜಮ್ಮು ಆಗಿದ್ದರೂ ಅಲ್ಲಿಗೆ ಓಡಬೇಕಿಲ್ಲ.

ವಕೀಲರಿಲ್ಲದೆ ನೀವೇ ವಾದ ಮಾಡಲು ಕಾನೂನು ಬಿಡುತ್ತೆ. ಬರೀ ಪೆನ್ಷನ್ ಲೆಕ್ಕದ ಕೇಸಾದರೆ ಧೈರ್ಯ ಮಾಡಬಹುದು. ಕೋರ್ಟ್ ಮಾರ್ಷಲ್ ಆದರೆ ಬೇಡ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಒಮ್ಮೆ ಕೇಳಿ. 2025ರ ಜುಲೈನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಸೈನಿಕರ ಕುಟುಂಬಗಳಿಗಾಗಿಯೇ ಒಂದು ಯೋಜನೆ ಶುರು ಮಾಡಿ, ಸೈನಿಕ ಮಂಡಳಿ ಕಚೇರಿಗಳಲ್ಲಿ ಕಾನೂನು ನೆರವು ಕೇಂದ್ರ ಇಡುವ ಏರ್ಪಾಡು ಮಾಡಿದೆ. "ಗೆಲ್ಲಿಸಿ ಕೊಡ್ತೀನಿ, ಹಿಂಬಾಕಿಯಲ್ಲಿ ಅರ್ಧ ನನಗೆ" ಅನ್ನುವವರಿಂದ ದೂರ ಇರಿ. ವಕೀಲರು ಹಾಗೆ ಪಾಲಿಗೆ ಕೇಸು ಹಿಡಿಯುವಂತಿಲ್ಲ.

ಡಿಸ್ಮಿಸ್ ಅನ್ನೋದನ್ನ ಡಿಸ್ಚಾರ್ಜ್ ಅಂತ ಬದಲಿಸಿದ್ರೆ ಸಾಕು, ಕೆಲಸ ವಾಪಸ್ ಬೇಡ. ಹಾಗೆ ಕೇಳಬಹುದಾ?

ಕೇಳಬಹುದು. ಆಗಲೇ ಹೇಳಿದ ಕಿಂಡಿ ಇದೇ. ಹದಿನೈದು ವರ್ಷ ದಾಟಿದ ಮೇಲೆ ಡಿಸ್ಮಿಸ್ ಆದವರಿಗೆ ನಾನು ಇದನ್ನೇ ಮೊದಲು ಹೇಳೋದು.

ಇದಕ್ಕೆ ಎರಡು ದಾರಿ. ಒಂದು, ಎಎಫ್‌ಟಿ. ಕೋರ್ಟ್ ಮಾರ್ಷಲ್ ಮೇಲ್ಮನವಿಯಲ್ಲಿ ತಪ್ಪು ಸಾಬೀತಾಗಿದೆ ಅಂತ ಒಪ್ಪಿಕೊಂಡೂ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಅದಕ್ಕೆ 15ನೇ ಸೆಕ್ಷನ್‌ನಲ್ಲಿದೆ. ಡಿಸ್ಮಿಸಲ್ ತೆಗೆದು ಡಿಸ್ಚಾರ್ಜ್ ಅಂತ ಮಾಡಿ ಪೆನ್ಷನ್ ಕೊಡಿಸಿದ ಆದೇಶಗಳಿವೆ. ಹಾಗಾಗಿ "ನಾನು ತಪ್ಪೇ ಮಾಡಿಲ್ಲ" ಅನ್ನೋದು ಮೊದಲ ಕೋರಿಕೆ ಆದರೆ, "ಒಂದು ವೇಳೆ ತಪ್ಪು ಅಂತಾದರೂ ಶಿಕ್ಷೆ ಹೆಚ್ಚಾಯಿತು, ಡಿಸ್ಚಾರ್ಜ್ ಆಗಿ ಬದಲಿಸಿ" ಅನ್ನೋದು ಎರಡನೆಯದಾಗಿ ಇರಲೇಬೇಕು. ಇದನ್ನು ಬರೆಯದೆ ಬಿಟ್ಟ ಅರ್ಜಿಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದಿವೆ.

ಎರಡನೆಯದು ಪೆನ್ಷನ್ ನಿಯಮ. 1961ರ ನಿಯಮಾವಳಿಯಲ್ಲಿ ಅದು 113ನೇ ನಿಯಮ, 2008ರದ್ದರಲ್ಲಿ 41ನೆಯದು. ಡಿಸ್ಮಿಸ್ ಆದವನಿಗೆ ಪೆನ್ಷನ್ ಇಲ್ಲ ಅಂತ ಹೇಳುವ ಅದೇ ನಿಯಮ, ಅಸಾಧಾರಣ ಸಂದರ್ಭದಲ್ಲಿ ರಾಷ್ಟ್ರಪತಿ ಪೆನ್ಷನ್ ಅಥವಾ ಗ್ರಾಚ್ಯುಟಿ ಕೊಡಬಹುದು ಅಂತಲೂ ಹೇಳುತ್ತೆ. ಅದೇ ದಿನ ಡಿಸ್ಚಾರ್ಜ್ ಆಗಿದ್ದರೆ ಎಷ್ಟು ಸಿಗುತ್ತಿತ್ತೋ ಅದಕ್ಕೆ ಮೀರದಂತೆ. ಇದು ದಯೆಯ ಅರ್ಜಿ, ಹಕ್ಕಿನದಲ್ಲ. ಇಲ್ಲಿ ಕಾನೂನಿನ ವಾದಕ್ಕಿಂತ ಪದಕಗಳು, ಫೀಲ್ಡ್ ಪೋಸ್ಟಿಂಗ್‌ಗಳು, ಮನೆಯ ಸ್ಥಿತಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಜಾಸ್ತಿ ತೂಗುತ್ತವೆ. ಅಂದಹಾಗೆ, ಪಿಎಫ್ ನಿಮ್ಮದೇ ಉಳಿತಾಯ. ಡಿಸ್ಮಿಸ್ ಆದರೂ ಅದನ್ನು ಬಿಡಬೇಡಿ.

ಅಪ್ಪ ತೀರಿಕೊಂಡ್ರು. ಅವರ ಕೇಸನ್ನ ಅಮ್ಮ ಮುಂದುವರಿಸಬಹುದಾ?

ಬಹುದು. ನಿವೃತ್ತರ ಅವಲಂಬಿತರು, ವಾರಸುದಾರರು ಕೂಡ ಸೇವಾ ವಿಷಯದಲ್ಲಿ ಎಎಫ್‌ಟಿಗೆ ಬರಬಹುದು ಅಂತ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲೇ ಇದೆ. ಮೊದಲು ಶೀಟ್ ರೋಲ್‌ನಲ್ಲಿ ಅಮ್ಮನ ಹೆಸರು ಸರಿಯಾಗಿದೆಯಾ ನೋಡಿ. ಆಧಾರ್‌ನಲ್ಲಿ ಶಾಂತವ್ವ, ಸೇನಾ ದಾಖಲೆಯಲ್ಲಿ ಶಾಂತಾಬಾಯಿ ಅಂತ ಇದ್ದು, ಬರೀ ಅದಕ್ಕೆ ಒಂದು ವರ್ಷ ಹೋಗುವುದುಂಟು.

## ಇನ್ನೂ ಮುಂದಿನವು

ಎಎಫ್‌ಟಿಯಲ್ಲಿ ಸೋತೆ. ಅಲ್ಲಿಗೆ ಮುಗೀತಾ?

ಇಲ್ಲ. ಸುಪ್ರೀಂ ಕೋರ್ಟಿಗೆ ಹೋಗಲು ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಇರಬೇಕು ಅಂತ ಷರತ್ತಿದೆ. ಸಾಮಾನ್ಯ ಜವಾನನ ಕೇಸಿಗೆ ಅದು ಸಿಗೋದು ಕಷ್ಟ. ಹೈಕೋರ್ಟಿಗೆ ರಿಟ್ ಹಾಕಬಹುದಾ ಅನ್ನೋದು 2015ರ ಒಂದು ತೀರ್ಪಿನ ನಂತರ ಗೊಂದಲವಾಗಿತ್ತು. 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಗೊಂದಲ ತೆಗೆದು, ಎಎಫ್‌ಟಿ ಆದೇಶವನ್ನು ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟ್ ನೋಡಬಹುದು ಅಂದಿತು. ಆದರೆ ಹೈಕೋರ್ಟ್ ಸಾಕ್ಷಿಗಳನ್ನು ಮತ್ತೆ ತೂಗಲು ಕೂರಲ್ಲ. ಎಎಫ್‌ಟಿ ಕಾನೂನು ತಪ್ಪಾಗಿ ಓದಿದೆ, ಮುಖ್ಯ ದಾಖಲೆ ನೋಡಿಲ್ಲ ಅಂತ ತೋರಿಸಬೇಕು.

ಗೆದ್ದರೆ ಮತ್ತೆ ಯೂನಿಫಾರ್ಮ್ ಹಾಕಬಹುದಾ?

ಅಪರೂಪ. ಕೇಸು ಮುಗಿಯುವ ಹೊತ್ತಿಗೆ ನಿಮ್ಮ ರ್‍ಯಾಂಕಿನ ಸರ್ವಿಸ್ ಅವಧಿಯೇ ಮುಗಿದಿರುತ್ತೆ. ಹೆಚ್ಚಾಗಿ "ಇಷ್ಟು ದಿನದವರೆಗೆ ಸೇವೆಯಲ್ಲಿದ್ದಂತೆ" ಅಂತ ಲೆಕ್ಕ ಹಿಡಿದು ಪೆನ್ಷನ್ ಕೊಡುತ್ತಾರೆ. ಆದೇಶ ಬಂದ ಮೇಲೆ ಪ್ರಮಾಣೀಕೃತ ಪ್ರತಿಯನ್ನು ರೆಕಾರ್ಡ್ ಆಫೀಸಿಗೆ ನೀವೇ ಕಳಿಸಿ. ಅವರಾಗಿ ಮಾಡ್ತಾರೆ ಅಂತ ಕಾಯಬೇಡಿ. ಗಡುವು ಮೀರಿದರೆ ಜಾರಿ ಅರ್ಜಿ ಹಾಕಬೇಕಾಗುತ್ತೆ.

ಅಮೆರಿಕದಲ್ಲಿ ಡಿಸ್ಚಾರ್ಜ್ ಅಪ್‌ಗ್ರೇಡ್ ಅಂತ ಒಂದು ಫಾರ್ಮ್ ತುಂಬಿದ್ರೆ ಸಾಕಂತೆ. ನಮ್ಮಲ್ಲಿ ಯಾಕಿಲ್ಲ?

ಫಾರ್ಮ್ ಇದೆ, ಆದರೆ "ಸಾಕು" ಅನ್ನೋದು ಸುಳ್ಳು. ಅಲ್ಲಿ ಡಿಸ್ಚಾರ್ಜ್‌ಗೇ ದರ್ಜೆಗಳಿವೆ: ಆನರಬಲ್, ಜನರಲ್, ಅದರ್ ದ್ಯಾನ್ ಆನರಬಲ್, ಬ್ಯಾಡ್ ಕಂಡಕ್ಟ್, ಡಿಸ್‌ಆನರಬಲ್. ಕೆಳಗಿನ ದರ್ಜೆಯವರಿಗೆ ಕಾಲೇಜು ಫೀಸಿನಿಂದ ಆಸ್ಪತ್ರೆವರೆಗೆ ಸೌಲಭ್ಯ ಕೈತಪ್ಪಬಹುದು. ಹೊರಬಂದ 15 ವರ್ಷದೊಳಗೆ ಡಿಡಿ 293 ಫಾರ್ಮ್ ತುಂಬಿ ಡಿಸ್ಚಾರ್ಜ್ ರಿವ್ಯೂ ಬೋರ್ಡಿಗೆ ಹೋಗಬಹುದು. ಅದು ದಾಟಿದರೆ, ಅಥವಾ ಜನರಲ್ ಕೋರ್ಟ್ ಮಾರ್ಷಲ್ ಶಿಕ್ಷೆಯಾಗಿದ್ದರೆ, ಡಿಡಿ 149 ಫಾರ್ಮಿನಲ್ಲಿ ದಾಖಲೆ ತಿದ್ದುವ ಇನ್ನೊಂದು ಬೋರ್ಡಿಗೆ. ಯುದ್ಧದ ಆಘಾತದಿಂದ ಮಾನಸಿಕ ಕಾಯಿಲೆ ಬಂದು ಶಿಸ್ತು ತಪ್ಪಿದವರ ಅರ್ಜಿಗಳನ್ನು ಉದಾರವಾಗಿ ನೋಡಿ ಅಂತ 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಆದೇಶ ಹೊರಡಿಸಿದರು. 2017ರಲ್ಲಿ ಆ ಆದೇಶ ಇನ್ನಷ್ಟು ವಿಸ್ತಾರವಾಯಿತು. ಸಲಿಂಗಿಗಳು ಅನ್ನೋ ಕಾರಣಕ್ಕೇ ಹೊರಹಾಕಿದವರ ದಾಖಲೆಗಳನ್ನೂ ಹೀಗೆ ತಿದ್ದುತ್ತಾ ಬಂದಿದ್ದಾರೆ.

ನಮ್ಮಲ್ಲಿ ಇಂಥ ಬೋರ್ಡ್ ಇಲ್ಲ. ಮಾನಸಿಕ ಕಾಯಿಲೆಯಿಂದ ಗೈರಾದ ಜವಾನ ಇಲ್ಲಿ ಕೋರ್ಟ್ ಮೆಟ್ಟಿಲನ್ನೇ ಹತ್ತಬೇಕು. ನನಗೆ ಕೇಳಿದರೆ ಅವರಿಂದ ನಾವು ತೆಗೆದುಕೊಳ್ಳಬೇಕಾದದ್ದು ಆ 2014ರ ಆದೇಶವನ್ನೇ.

ನಾನು ಬಿಎಸ್‌ಎಫ್. ನನ್ನ ಮಗ ಅಗ್ನಿವೀರ್. ಇದೆಲ್ಲ ನಮಗೂ ಅನ್ವಯಿಸುತ್ತಾ?

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಇವೆಲ್ಲ ಗೃಹ ಸಚಿವಾಲಯದ ಕೆಳಗೆ ಬರುತ್ತವೆ. ಎಎಫ್‌ಟಿ ನಿಮ್ಮ ಕೇಸು ಕೇಳಲ್ಲ. ಇಲಾಖೆಯ ಮೇಲ್ಮನವಿ ಮುಗಿಸಿ ಹೈಕೋರ್ಟಿಗೆ ರಿಟ್ ಹಾಕಬೇಕು. ನೀವು ಕರ್ನಾಟಕದಲ್ಲಿ ಇರೋದೊಂದೇ ಕಾರಣಕ್ಕೆ ಇಲ್ಲಿನ ಹೈಕೋರ್ಟ್ ತೆಗೆದುಕೊಳ್ಳದೆಯೂ ಇರಬಹುದು. ತಿರಸ್ಕಾರದ ಪತ್ರ ಮನೆ ವಿಳಾಸಕ್ಕೆ ಬಂದಿದ್ದರೆ ಆ ಲಕೋಟೆಯನ್ನು ಎಸೆಯಬೇಡಿ.

ಮಗನಿಗೆ ಆರ್ಮಿ ಆ್ಯಕ್ಟ್ ಅನ್ವಯಿಸುತ್ತೆ, ಶಿಸ್ತು ಕ್ರಮ, ಶೋಕಾಸ್, ಕೋರ್ಟ್ ಮಾರ್ಷಲ್ ಎಲ್ಲ ಮೇಲಿನಂತೆಯೇ. ಆದರೆ ಪೆನ್ಷನ್, ಗ್ರಾಚ್ಯುಟಿ ಯೋಜನೆಯಲ್ಲೇ ಇಲ್ಲ. ನಾಲ್ಕು ವರ್ಷದ ಮಧ್ಯೆ ತಾನಾಗಿ ಬಿಟ್ಟು ಬಂದರೆ ಸೇವಾ ನಿಧಿಯಲ್ಲಿ (ಸಂಬಳದಿಂದ ಕಡಿದ ಹಣಕ್ಕೆ ಸರ್ಕಾರವೂ ಸೇರಿಸುವ ನಿಧಿ) ಅವನ ಪಾಲು ಮಾತ್ರ ಸಿಗುತ್ತೆ, ಸರ್ಕಾರದ ಪಾಲು ಸಿಗಲ್ಲ. ಅದಕ್ಕೇ ಯುನಿಟ್‌ನಲ್ಲಿ ಯಾರಾದರೂ "ಸ್ವಂತ ಕೋರಿಕೆ ಅಂತ ಬರೆದುಕೊಡು, ಸುಲಭ ಆಗುತ್ತೆ" ಅಂದರೆ, ಸಹಿ ಹಾಕುವ ಮೊದಲು ನಿಮಗೆ ಒಂದು ಫೋನ್ ಮಾಡಲು ಹೇಳಿಡಿ.